ಮಾವನ 'ರಶ್' ಮತ್ತು ಬಹ್ಲಾದ ಗೋಡೆ

ನಮ್ಮ ಸೋದರಮಾವನನ್ನು ಜನದ್ವೇಷಿ ಎಂದು ಕರೆಯುವವರಿದ್ದಾರೆ. ಇದು ಶುದ್ಧ ಅಪಪ್ರಚಾರ. ಒಬ್ಬರನ್ನು ದ್ವೇಷಿಸಬೇಕಾದರೂ ಅವರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕಲ್ಲ? ಮಾವ ಅಷ್ಟು ಹೊತ್ತು ಯಾರ ಹತ್ತಿರವೂ ನಿಂತವರಲ್ಲ.

ಜನಸಮೂಹದ ಕುರಿತಾದ ಅವರ ಸಮಗ್ರ ಸಿದ್ಧಾಂತ ಒಂದೇ ಪದದಲ್ಲಿ ಅಡಗಿದೆ: ರಶ್. ಒಬ್ಬನಿದ್ದರೆ ನೆಮ್ಮದಿ, ಇಬ್ಬರಿದ್ದರೆ ಸಹಿಸಬಹುದು, ಮೂರನೆಯವನು ಬಂದರೆ ರಶ್. ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಫ್ಲ್ಯಾಟು ನಾಲ್ಕನೆಯ ಮಹಡಿಯಲ್ಲಿದೆ. ಲಿಫ್ಟಿನ ಬಾಗಿಲು ತೆರೆದಾಗ ಒಳಗೊಬ್ಬ ಸಭ್ಯ ಗೃಹಸ್ಥ ಕಂಡರೂ ಸಾಕು, ಮಾವ ಯಾವುದೋ ಮುಖ್ಯ ವಿಚಾರ ನೆನಪಾದವರಂತೆ ಹಣೆ ತಟ್ಟಿಕೊಂಡು ಮೆಟ್ಟಿಲ ಕಡೆಗೆ ನಡೆಯುತ್ತಾರೆ. ನಮ್ಮ ಕಡೆ ಸೋದರಮಾವನೆಂದರೆ ಸಾಮಾನ್ಯ ಹುದ್ದೆಯಲ್ಲ. ಅವರಿಲ್ಲದೆ ಮನೆಯ ಯಾವ ಕಾರ್ಯವೂ ನಡೆಯುವಂತಿಲ್ಲ. ನಮ್ಮ ಮಾವ ಇದ್ದಾಗ ಯಾವ ಕಾರ್ಯವೂ ನಡೆಯುವಂತಿಲ್ಲ, ಕಾರ್ಯವೆಂದರೆ ಜನ ಸೇರುತ್ತಾರಲ್ಲ!

ಸೂಪರ್ ಮಾರ್ಕೆಟ್ಟಿಗೆ ಅವರು ಹೋಗುವುದು ಬೆಳಗಿನ ಹೊತ್ತು, ನೆಲ ಒರೆಸುವಾಗ. ಒಮ್ಮೆ ಆ ನಿರ್ಜನ ಅಂಗಡಿಯಲ್ಲಿ ಒಬ್ಬಂಟಿಯಾಗಿ ಈರುಳ್ಳಿ ಆರಿಸುತ್ತಿದ್ದವರ ಮೇಲೆ ಅನುಮಾನ ಬಂದು ಸೆಕ್ಯುರಿಟಿಯವನೊಬ್ಬ ಹಿಂದೆ ನಿಂತ. ಅವನಿಗೆ ಅನುಮಾನ ಬಂದದ್ದು ಯಾಕೆಂದು ನೋಡಲು ಸೂಪರ್‌ವೈಸರ್ ಬಂದ. ಮಾವ ಈರುಳ್ಳಿಯನ್ನು ಅಲ್ಲೇ ಬಿಟ್ಟು ಹೊರಬಂದರು. ಯಾಕೆಂದು ಕೇಳಿದ್ದಕ್ಕೆ, ಅಲ್ಲೂ ರಶ್ ಶುರುವಾಗಿದೆ ಎಂದರು.

ಅಲ್ ಮಬೇಲಾದಲ್ಲಿ ಗಾಡಿಗಳ ಬಿಡಿಭಾಗದ ಗೋದಾಮೊಂದಿದೆ. ಅಲ್ಲಿ ಮೂವತ್ತೊಂದು ವರ್ಷ ಅವರು ಸ್ಟೋರ್ ಕೀಪರ್, ವಾಸ ಅಲ್ಲೇ ಹತ್ತಿರದ ಬಾಡಿಗೆ ಕೋಣೆಯಲ್ಲಿ. ಗೋದಾಮಿಗೆ ಒಂದು ಪುಟ್ಟ ಕಿಟಕಿ. ಅದರಲ್ಲಿ ಒಂದು ಸಲಕ್ಕೆ ಒಂದೇ ಮುಖ ಹಿಡಿಸುತ್ತದೆ. ಗಿರಾಕಿಗಳ ಅನುಕೂಲಕ್ಕೆ ಅದನ್ನು ದೊಡ್ಡದು ಮಾಡಿಸುವುದೆಂದು ಕಂಪನಿ ತೀರ್ಮಾನಿಸಿದಾಗ ಮಾವ ರಾಜೀನಾಮೆ ಬರೆದಿಟ್ಟರು. ಕಂಪನಿ ಕಿಟಕಿಯನ್ನು ಮುಟ್ಟಲಿಲ್ಲ.

ರಜೆಯಲ್ಲಿ ಊರಿಗೆ ಹೊರಡುವುದೂ ಹಾಗೆಯೇ. ಅವರನ್ನು ಏರ್‌ಪೋರ್ಟಿಗೆ ಬಿಟ್ಟುಬಂದೆನೆಂದು ಹೇಳಿಕೊಳ್ಳುವ ಮನುಷ್ಯ ಮಸ್ಕತ್ತಿನಲ್ಲಿ ಹುಟ್ಟಿಲ್ಲ. ಇದ್ದಕ್ಕಿದ್ದಂತೆ ಮಂಗಳೂರಿನಿಂದ ಫೋನು ಬರುತ್ತದೆ: "ತಲುಪಿದೆ. ಇಡು."

ಇಂಥವರ ಕೆಲಸ ಈ ಜನವರಿಯಲ್ಲಿ ಮುಗಿಯಿತು. ಭಾನುವಾರದ ವಿಮಾನಕ್ಕೆ ಟಿಕೆಟ್ಟಾಯಿತು. ಇನ್ನು ತಿರುಗಿ ಬರುವುದಿಲ್ಲ. ಈ ಸಲ ಹಾಗೆ ಜಾರಿಕೊಳ್ಳಲು ಬಿಡಬಾರದೆಂದು ನನ್ನ ಹೆಂಡತಿ ಪಣ ತೊಟ್ಟಳು. ಶುಕ್ರವಾರ ಸಂಜೆ ಐದಕ್ಕೆ ನಮ್ಮ ಬಿಲ್ಡಿಂಗಿನ ಹಿಂದಿನ ಹಾಲಿನಲ್ಲಿ ಬೀಳ್ಕೊಡುಗೆ. ಶಾಲು, ಹಣ್ಣಿನ ಬುಟ್ಟಿ, ನೀರುದೋಸೆ, ಅರುವತ್ತು ಜನ. ಮಾವನಿಗೆ ಸುಳಿವು ಹತ್ತಬಾರದು, ಐದಕ್ಕೆ ಅವರನ್ನು ಹಾಜರುಪಡಿಸತಕ್ಕದ್ದು ಎಂದು ನನಗೆ ಆಜ್ಞೆಯಾಯಿತು. ಅದೇ ಶುಕ್ರವಾರ ಬೆಳಿಗ್ಗೆ ಮಾವ ತಾವಾಗಿಯೇ ಫೋನು ಮಾಡಿ ಬಹ್ಲಾದ ಗೋಡೆ ನೋಡಲು ಹೊರಡಿಸಿದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಮನುಷ್ಯ ಒಂದು ಆಸೆ ಹೇಳಿದ್ದಾನೆ, ಇಲ್ಲವೆನ್ನುವುದು ಹೇಗೆ?

ಬಹ್ಲಾ ಇರುವುದು ಎರಡು ಗಂಟೆಯ ದಾರಿಯಲ್ಲಿ. ಖರ್ಜೂರದ ತೋಟಗಳನ್ನೂ ಊರನ್ನೂ ಬಳಸಿಕೊಂಡು ಹತ್ತು ಹನ್ನೆರಡು ಕಿಲೋಮೀಟರ್ ಉದ್ದದ ಹಳೆಯ ಮಣ್ಣಿನ ಗೋಡೆ. ಚಳಿಗಾಲವೆಂದರೆ ಇಲ್ಲಿ ಏಸಿ ಆರಿಸಿ ಸ್ವೆಟರ್ ಹುಡುಕುವ ಎರಡು ತಿಂಗಳು. ಜನರೆಲ್ಲ ಆಗಲೇ ಹೊರಬೀಳುವುದು. ಆದ್ದರಿಂದ ಅಲ್ಲಿಯ ಕೋಟೆಗೆ ದಾರಿ ತೋರಿಸುವ ಬೋರ್ಡುಗಳನ್ನು ನಂಬಬೇಡ, ಅವು ನೆಟ್ಟಗೆ ರಶ್ಶಿಗೇ ಕರೆದೊಯ್ಯುತ್ತವೆ ಎಂದು ಮಾವ ಅಪ್ಪಣೆ ಕೊಡಿಸಿದರು. ದಾರಿಯಲ್ಲಿ ಸಿಗುವ ನಿಜ್ವಾದ ಪೆಟ್ರೋಲ್ ಪಂಪಿನಲ್ಲಿ ತಾವೇ ಇಳಿದು ಅರಬ್ಬಿಯಲ್ಲಿ ವಿಚಾರಿಸಿದರು: "ಸೂರ್ ವೇನ್?" ಸೂರ್ ಎಂದರೆ ಅರಬ್ಬಿಯಲ್ಲಿ ಗೋಡೆ, ಗೋಡೆ ಎಲ್ಲಿ ಎಂದು ಪ್ರಶ್ನೆ. ಪಂಪಿನವನು ಕನಿಕರದಿಂದ ನಮ್ಮ ಗಾಡಿಯನ್ನು ತಿರುಗಿಸಿ ಬಂದ ದಿಕ್ಕಿಗೇ ಕಳಿಸಿದ.

ಅರ್ಧ ಗಂಟೆ ಓಡಿದ ಮೇಲೆ ನನಗೆ ಜ್ಞಾನೋದಯವಾಯಿತು. ಸೂರ್ ಎಂಬ ಹೆಸರಿನ ಊರೊಂದು ಒಮಾನಿನ ಇನ್ನೊಂದು ತುದಿಯಲ್ಲಿ, ಸಮುದ್ರದ ದಂಡೆಯಲ್ಲಿದೆ! ಮಾವ ವಿಚಲಿತರಾಗಲಿಲ್ಲ. ಗೋಡೆಗೂ ಊರಿಗೂ ಒಂದೇ ಹೆಸರಿಟ್ಟರೆ ತಪ್ಪು ಯಾರದೆಂದು ನನ್ನನ್ನೇ ಕೇಳಿದರು. ಕನ್ನಡದಲ್ಲಿ ಸೂರು ಎಂದರೆ ಮಾಡಿನ ಅಂಚು, ಮನೆ ಎಂದು ನೆನಪಿಸಿದೆ. ಮೂವತ್ತೊಂದು ವರ್ಷ ಬಾಡಿಗೆ ಕೋಣೆಯಲ್ಲಿದ್ದವರು ಅದಕ್ಕೆ ಮಾತ್ರ ಕಿಟಕಿಯ ಕಡೆಗೆ ಮುಖ ತಿರುಗಿಸಿದರು.

ಅಂತೂ ಬಹ್ಲಾ ಮುಟ್ಟಿದೆವು. ಗೋಡೆಯ ಮೊದಲ ತುಂಡಿನ ಬಳಿ ಒಂದು ಟೂರಿಸ್ಟ್ ಬಸ್ಸು. ರಶ್. ಎರಡನೆಯದರ ನೆರಳಲ್ಲಿ ಚಾಪೆ ಹಾಸಿ ಒಂದು ಕುಟುಂಬ ಬಿರಿಯಾನಿ ಬಿಚ್ಚುತ್ತಿತ್ತು. ರಶ್. ಮೂರನೆಯ ಕಡೆ ಬರೀ ಏಳು ಆಡುಗಳು. ನಾನು ಇಂಜಿನ್ ಆರಿಸಿಯೇಬಿಟ್ಟೆ.

"ಮುಂದೆ ಹೋಗುವಾ."

"ಆಡುಗಳು ಮಾವ. ಜನ ಅಲ್ಲ."

"ನೋಡ್ತವಲ್ಲ ಮಾರಾಯ."

ನಾಲ್ಕನೆಯ ತುಂಡು ಅರ್ಧ ಕುಸಿದಿತ್ತು. ಹಿಂದೆ ಖರ್ಜೂರದ ಮರಗಳು, ಮುಂದೆ ಒಣಗಿದ ಹಳ್ಳ, ಆಚೆ ಬೋಳು ಗುಡ್ಡ. ಮಾವನ ಮುಖ ಅರಳುವಷ್ಟರಲ್ಲಿ ಗೋಡೆ ಬಿದ್ದಲ್ಲಿಂದ ಒಬ್ಬ ಮುದುಕ ಕಾಫಿಯ ಫ್ಲಾಸ್ಕು ಹಿಡಿದು ದಾಟಿ ಬಂದ. ತೋಟದವನು. ಇಲ್ಲಿಗೆ ಯಾರೂ ಬರುವುದಿಲ್ಲ, ಇಲ್ಲಿ ಜಿನ್ ಉಂಟು ಎಂದು ಹಿಂದಿಯಲ್ಲಿ ಎಚ್ಚರಿಸಿ, ನಮಗೆ ಕಾಫಿ ಕುಡಿಸಿ ಹೋದ. ಜಿನ್ ಎಂದರೆ ಇಲ್ಲಿಯ ಭೂತ.

"ಮಾವ, ಹೊರಡುವಾ? ಜಿನ್ ಅಂತೆ."

"ಜಿನ್ ಆದರೆ ತೊಂದರೆ ಇಲ್ಲ. ಜನ ಆಗಬಾರದು. ಜಿನ್ ಬಂದು ಯಾವಾಗ ಊರಿಗೆ, ಏನು ಕತೆ ಅಂತ ಕೇಳುವುದಿಲ್ಲ."

ಗಂಟೆ ಮೂರಾಗಿತ್ತು. ನನ್ನ ಫೋನು ಕಿಸೆಯಲ್ಲಿ ಒಂದೇ ಸಮನೆ ನಡುಗುತ್ತಿತ್ತು. ನಾನು ಗುಡ್ಡವನ್ನು ಅತ್ಯಂತ ಆಸಕ್ತಿಯಿಂದ ನೋಡತೊಡಗಿದೆ.

"ತೆಗಿ ಅದನ್ನು," ಎಂದರು ಮಾವ. "ಐದಕ್ಕಲ್ವಾ? ಶಾಲಿನ ಬಣ್ಣವೂ ಗೊತ್ತುಂಟು ನನಗೆ. ಮೆರೂನ್."

ಎಂಥಾ ಗುಪ್ತಚರ ವ್ಯವಸ್ಥೆ! ಶಾಲು ತಂದವನು ತನ್ನ ಗಾಡಿಗೆ ಬ್ರೇಕ್ ಪ್ಯಾಡ್ ಕೊಂಡದ್ದೇ ಮಾವನ ಕಿಟಕಿಯಲ್ಲಿ, ಬಾಯಿಬಿಟ್ಟದ್ದೂ ಅಲ್ಲೇ. ಅಂದರೆ ಅವರು ಬಂದದ್ದು ಗೋಡೆ ನೋಡಲಿಕ್ಕಲ್ಲ. ಅದರ ಹಿಂದೆ ಅಡಗಲಿಕ್ಕೆ! ನನಗೆ ಸಿಟ್ಟು ಬಂತು. ಅರುವತ್ತು ಜನ ಕಾಯುತ್ತಾರೆ, ನಿಮಗೆ ಅವರು ಏನು ಅನ್ಯಾಯ ಮಾಡಿದ್ದಾರೆ ಎಂದು ಸ್ವಲ್ಪ ಒರಟಾಗಿಯೇ ಕೇಳಿದೆ.

ಮಾವ ಕುಸಿದ ಗೋಡೆಯ ಒಂದು ಹೆಂಟೆಯನ್ನು ಎತ್ತಿ, ಅದು ಯಾವ ಶೆಲ್ಫಿಗೆ ಸೇರಿದ್ದೆಂದು ಯೋಚಿಸುವವರಂತೆ ನೋಡಿ, ಇದ್ದಲ್ಲೇ ಇಟ್ಟರು.

"ಮೊದಲ ಸಲ ಬಾಂಬೆ ಮೇಲೆ ಇಲ್ಲಿಗೆ ಹೊರಟಾಗ ಬಸ್ ಸ್ಟ್ಯಾಂಡಿಗೆ ಊರಿಡೀ ಬಂದಿತ್ತು. ಹಾರ ಹಾಕಿದರು, ಫೋಟೋ ಅಂದರು, ಬಾಂಬೆಯಲ್ಲಿ ಹುಷಾರು ಅಂದರು. ಬಸ್ಸು ಹೊರಟಿತು. ಕಿಟಕಿಯಿಂದ ನೋಡ್ತೇನೆ, ಅಮ್ಮ ಎಲ್ಲಿ ನಿಂತಿದ್ದಾರೆ ಅಂತ ಕಾಣಲಿಲ್ಲ." ಕೈಯ ಮಣ್ಣು ಕೊಡವಿಕೊಂಡು ಹೇಳಿದರು: "ರಶ್."

ಅವರಿಗೆ ಮೊದಲ ರಜೆ ಸಿಗುವುದರೊಳಗೆ ನಮ್ಮ ಅಜ್ಜಿ ತೀರಿಕೊಂಡಿದ್ದರು. ಅದು ನನಗೆ ಗೊತ್ತಿದ್ದ ವಿಷಯ. ಗೊತ್ತಿದ್ದೂ ಇಷ್ಟು ವರ್ಷ ಅವರನ್ನು ನಗೆಯಾಡಿಕೊಂಡು ಊಟದ ಮೇಜಿನಲ್ಲಿ ಹೆಸರು ಗಳಿಸಿದವನು ನಾನು.

ಗಾಡಿ ತಿರುಗಿಸಿ ಮಸ್ಕತ್ತಿನ ದಾರಿ ಹಿಡಿದೆ. ಅವರನ್ನು ನೇರ ಅಲ್ ಮಬೇಲಾದ ಕೋಣೆಗೇ ಬಿಡುವುದೆಂದು ತೀರ್ಮಾನಿಸಿ, ಹೆಂಡತಿಯ ಕೈಯಲ್ಲಿ ಸಿಗಬೇಕಾದ ಪ್ರಸಾದಕ್ಕೂ ಮನಸ್ಸು ಗಟ್ಟಿಮಾಡಿಕೊಂಡೆ. ಆ ಕಡೆಗೆ ತಿರುಗುವ ರಸ್ತೆ ಹತ್ತಿರವಾದಾಗ ಮಾವ ಕನ್ನಡಕ ಒರೆಸಿಕೊಂಡರು.

"ನೆಟ್ಟಗೆ ಹೋಗು. ಅವಳಿಗೆ ಫೋನ್ ಮಾಡಿ ಹೇಳು, ಎಲ್ಲರೂ ಸಾಲಾಗಿ ನಿಲ್ಲಬೇಕು. ಒಬ್ಬರ ಹಿಂದೆ ಒಬ್ಬರು ಅಲ್ಲ. ಬದಿಬದಿಗೆ. ಒಬ್ಬೊಬ್ಬರ ಮುಖ ಕಾಣಬೇಕು."

ನಾವು ತಲುಪಿದಾಗ ಐದೂಮುಕ್ಕಾಲು. ಹಾಲಿನ ಹೊರಗೋಡೆಗೆ ಬೆನ್ನು ಕೊಟ್ಟು ಅರುವತ್ತು ಜನ ಬದಿಬದಿಗೆ ನಿಂತಿದ್ದರು. ಇನ್ನೊಂದು ಗೋಡೆಯ ಹಾಗೆ. ಮಾವ ಗೋದಾಮಿನಲ್ಲಿ ದಾಸ್ತಾನು ಪರೀಕ್ಷಿಸುವ ಗಾಂಭೀರ್ಯದಿಂದ ಈ ತುದಿಯಿಂದ ಹೊರಟು ಒಂದೊಂದು ಮುಖದ ಎದುರೂ ನಿಂತರು. ನೋಡುವುದು, ತಲೆ ಅಲ್ಲಾಡಿಸುವುದು, ಮುಂದೆ ಹೋಗುವುದು. ನೀರುದೋಸೆ ತಣ್ಣಗಾಯಿತು. ಯಾರೂ ಕದಲಲಿಲ್ಲ.

ಕಟ್ಟಕಡೆಗೆ, ನನ್ನ ಹೆಂಡತಿಯ ಪಕ್ಕದಲ್ಲಿ, ಗಾಡಿ ನಿಲ್ಲಿಸಿ ಓಡಿಬಂದ ನಾನು ನಿಂತಿದ್ದೆ. ನನ್ನ ಮುಖವನ್ನು ಅವರು ಉಳಿದೆಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು.

"ನೀನು ಇಲ್ಲಿ ಯಾಕೆ ರಶ್ ಮಾಡ್ತೀ?" ಎಂದರು. "ನೀನು ಏರ್‌ಪೋರ್ಟಿಗೆ ಬರುವವ."