ಓಟು ಹಾಕಿ ಅನ್ನೋರಿಗೊಂದು ಪಾಠ

ಓಟಿನ ಬಗ್ಗೆ ಜನರಿಗೆ ತಿಳಿಹೇಳುವುದು ಹೇಗೆ ಅಂತ ಮತಗಟ್ಟೆ ಅಧಿಕಾರಿಗಳಾದ ಮೇಷ್ಟ್ರು, ಗ್ರಾಮ ಲೆಕ್ಕಿಗರು, ಅಂಗನವಾಡಿ ಅಕ್ಕಂದಿರಿಗೆ ಕಲಿಸುವುದು ನನ್ನ ಕೆಲಸ. ಮನೆಗೆ ಬಂದ ನೆಂಟರ ಮುಂದೆ ಹೆಸರು ಹೇಳೋಕೂ ನಾಚುವ ನನಗೆ ಇದು ಹೇಗೆ ಸಿಕ್ಕಿತೋ ಗೊತ್ತಿಲ್ಲ. ಸಿಕ್ಕಿದ್ದಕ್ಕೆ ಬೇಜಾರಂತೂ ಇಲ್ಲ. ನಾನು ಮೈಕ್ ಹಿಡಿದ ಕಡೆಯೆಲ್ಲ ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ.

ಭಾಷಣ ಬೇಡ

ನಂಜನಗೂಡಿನಲ್ಲಿ ನನ್ನ ಮೊದಲ ತರಬೇತಿ. ನನ್ನ ಇಂಗ್ಲಿಷ್ ಮೀಡಿಯಂ ಕನ್ನಡದಲ್ಲಿ ಹೇಗೋ ಹೇಳಿದೆ: "ಮತದಾರರ ಮುಂದೆ ಭಾಷಣ ಮಾಡಬೇಡಿ. ಅವರ ಮಾತು ಕೇಳಿ."

ಮುಂದಿನ ಸಾಲಿನ ಮೇಷ್ಟ್ರೊಬ್ಬರು ಎದ್ದರು. "ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಭಾಷಣ ಮಾಡಬಾರದು. ಯಾಕೆ ಮಾಡಬಾರದು ಅಂದ್ರೆ..." ಅನ್ನುತ್ತಾ ನನ್ನ ಕೈಯಿಂದ ಮೈಕನ್ನೂ ಮೆಲ್ಲಗೆ ತಗೊಂಡರು. ಟೀ ಬಂತು, ಆರಿತು, ಲೋಟಗಳೂ ವಾಪಸ್ ಹೋದವು. ಕೊನೆಗೆ ನನ್ನ ಕಡೆ ತಿರುಗಿ, "ಏನಾದ್ರೂ ಡೌಟ್ ಇದ್ರೆ ಕೇಳಮ್ಮ" ಅಂದರು.

ಎಲ್ಲರೂ ನಕ್ಕರು. ಹಿಂದೆ ಕೂತಿದ್ದ ತರಬೇತಿಯ ಉಸ್ತುವಾರಿ ಸಾಹೇಬರು ಮಾತ್ರ ನಗಲಿಲ್ಲ. "ನೋಡಿಯಮ್ಮ, ಟಿ. ನರಸೀಪುರದಲ್ಲೂ ಹಿಂಗೇ ಸುಮ್ನೆ ನಿಂತ್ಕೊಂಡ್ರೆ, ಮುಂದಿನದಕ್ಕೆಲ್ಲ ಮೈಸೂರಿಂದ ಬೇರೆಯವರನ್ನ ಕರೆಸ್ತೀನಿ."

ಬೋಂಡ ಪಕ್ಷ, ವಡೆ ಪಕ್ಷ

ಟಿ. ನರಸೀಪುರದಲ್ಲಿ ಬೆಳಗ್ಗೆ ಅಣಕು ಮತದಾನ ಇಟ್ಟೆ. ಟೀ ಜೊತೆ ಬೋಂಡ ಬೇಕೋ, ವಡೆ ಬೇಕೋ? ಆಮಿಷ ಒಡ್ಡಬಾರದು ಅಂತ ಆಗತಾನೇ ಹೇಳಿದ್ದೆ. ಅಷ್ಟರಲ್ಲಿ ವಡೆ ಕಡೆಯವರು ಎಲೆ ಅಡಿಕೆ ಹಂಚಿಯಾಗಿತ್ತು. ಬೋಂಡ ಕಡೆಯ ಗ್ರಾಮ ಲೆಕ್ಕಿಗರು, "ನಾವು ಗೆದ್ರೆ ಎಲ್ರಿಗೂ ಎರಡು ಥರ ಚಟ್ನಿ" ಅಂತ ಪ್ರಣಾಳಿಕೆ ಹೊರಡಿಸಿದರು. ವಡೆ ಒಂದೇ ಓಟಿನಲ್ಲಿ ಗೆದ್ದಿತು.

"ಮರುಎಣಿಕೆ ಆಗ್ಲೇಬೇಕು ಕಣ್ರೀ!"

"ಲೇ, ಸೋತ್ ಮ್ಯಾಲೆ ಸುಮ್ಕಿರ್ಲಾ!"

ಗಲಾಟೆ ಕೇಳಿ ಅಡುಗೆಯಾತ ಸೌಟು ಹಿಡಿದೇ ಬಂದ. "ಯಾಕ್ ಸಾ ಕಿತ್ತಾಡ್ತೀರಿ? ಯಾರ್ ಗೆದ್ರೂವೆ ಉಪ್ಪಿಟ್ಟೇಯ. ರವೆ ಉರ್ದು ಮಡಗಿವ್ನಿ."

ಒಪ್ಪದ ಅಕ್ಕ

ಮಧ್ಯಾಹ್ನ ಅಭಿನಯ. ಒಬ್ಬರು ಓಟು ಹಾಕಲ್ಲ ಅನ್ನುವ ಮತದಾರರಾಗಬೇಕು, ಉಳಿದವರು ಒಪ್ಪಿಸಬೇಕು. ಮುಡುಕುತೊರೆ ಕಡೆಯ ಅಂಗನವಾಡಿ ಅಕ್ಕನನ್ನು ಕರೆದೆ. "ನಂಗೆ ಆಕ್ಟಿಂಗ್ ಬರಕಿಲ್ಲ ಮೇಡಂ" ಅಂತ ನಾಚುತ್ತಲೇ ಬಂದು ಕುರ್ಚಿಯಲ್ಲಿ ಕೂತರು.

"ಓಟು ನಿಮ್ಮ ಹಕ್ಕು ಕಣಮ್ಮ," ಅಂದರು ಗ್ರಾಮ ಲೆಕ್ಕಿಗರು.

"ನಲ್ಲೀಲಿ ನೀರಿಲ್ಲ ಅಂತ ನಿಮ್ಮಾಪೀಸಿಗೆ ಬಂದಾಗ ಎಲ್ಲೋಗಿತ್ತು ಸಾ ಅದು?"

ಅವರು ಪೆಚ್ಚಾಗಿ, ಇನ್ನೊಂದು ಕುರ್ಚಿ ಎಳೆದುಕೊಂಡು ಅಕ್ಕನ ಪಕ್ಕದಲ್ಲೇ ಕೂತರು. "ಅಕ್ಕ ಹೇಳೋದೂ ನಿಜ." ಇಬ್ಬರನ್ನೂ ಒಪ್ಪಿಸಲು ಹೋದ ಟೀಚರೂ ಅಲ್ಲೇ ಕೂತರು. ನೋಡುನೋಡುತ್ತಾ ಅರ್ಧ ಸಭೆ ಓಟು ಹಾಕದವರ ಪಕ್ಷ ಸೇರಿತು. ನನ್ನ ಕೆಲಸ ಹೋಯಿತು ಅಂದುಕೊಂಡೆ.

ಸಾಹೇಬರೇ ಎದ್ದು ಬಂದರು. "ಹಂಗಲ್ಲ, ನಾನು ತೋರಿಸ್ತೀನಿ. ಏನಮ್ಮ, ಓಟು ಯಾಕೆ ಹಾಕಲ್ಲ?"

"ಅದಿರ್ಲಿ ಸಾ. ಓದ್ ಸಲ ನೀವಾಕಿದ್ರಾ?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಎಲೆಕ್ಷನ್ ಡ್ಯೂಟೀಲಿದ್ನಲ್ಲಮ್ಮ."

"ಅದ್ಕೂ ಮುಂಚಿನ್ ಸಲ?"

"ಅವಾಗ್ಲೂ ಡ್ಯೂಟಿ."

ನನಗೆ ಎಲ್ಲಿಂದ ಧೈರ್ಯ ಬಂತೋ, ಮೈಕ್ ಇಲ್ಲದೆಯೇ ಕೇಳಿದೆ: "ಡ್ಯೂಟಿ ಅಂತ ಓಟು ತಪ್ಪಿದವರು ಇಲ್ಲಿ ಯಾರ್ಯಾರಿದ್ದೀರಿ?" ಸಭೆ ತುಂಬ ಕೈಗಳು ಎದ್ದವು. ಊರಿಗೆಲ್ಲ ಓಟು ಹಾಕಿ ಅನ್ನೋರ ಕೈಗಳು! "ಡ್ಯೂಟಿಯವರೂ ಅರ್ಜಿ ಕೊಟ್ಟು ಅಂಚೆ ಮತಪತ್ರದಲ್ಲಿ ಓಟು ಹಾಕಬಹುದು. ಹೇಗೆ ಅಂತ ಹೇಳಿಕೊಡಲಾ?" ಎಲ್ಲರೂ ಕುರ್ಚಿ ಮುಂದಕ್ಕೆಳೆದುಕೊಂಡರು. ಸಾಹೇಬರ ಕುರ್ಚಿಯೂ ಮುಂದೆ ಬಂತು. ಸಂಜೆಯವರೆಗೆ ನಾನೊಬ್ಬಳೇ ಮಾತಾಡಿದೆ.

ಹೊರಡುವಾಗ ಸಾಹೇಬರು ನಗುತ್ತಾ, "ಮೈಸೂರಿಂದ ಯಾರೂ ಬೇಡ. ಮುಂದಿನದಕ್ಕೂ ನೀವೇ ಬನ್ನಿ," ಅಂದರು. ಅಂಗನವಾಡಿ ಅಕ್ಕ ಬ್ಯಾಗು ಹೆಗಲಿಗೇರಿಸಿ ಅವರಿಗೆ ಅಡ್ಡ ನಿಂತರು.

"ಸಾ, ನಿಮ್ಮನೆ ಯಾವ್ ಬೀದೀಲಿ? ಓಟಾಕ್ದೇ ಇರೋರ ಮನೇಗೋಗಿ ತಿಳುವಳಿಕೆ ಏಳ್ಬೇಕು ಅಂತ ನೀವೇ ಆರ್ಡರ್ ಮಾಡಿದ್ದೀರಲ್ಲ. ನಾಳಿಕೇ ಬತ್ತೀನಿ."