ಫಸ್ಟ್ ಪೀಸ್ ಆಗಲು ಯಾರೂ ಒಪ್ಪದಿರುವ ಬಗ್ಗೆ

ಮೂತ್ರಾಂಗ ಶಸ್ತ್ರಚಿಕಿತ್ಸಾ ವಿಭಾಗ, ಹೊಸೂರು
ಸುತ್ತೋಲೆ ಸಂಖ್ಯೆ: ಮೂ.ವಿ./ರೋಬೋ/ಪಡವಲ/7
ದಿನಾಂಕ: ಬುಧವಾರ

ವಿಷಯ: ರೋಬೋಟ್ ಮೂಲಕ ಮೂತ್ರನಾಳ ರಿಪೇರಿಗೆ ಮೊದಲ ರೋಗಿ ಸಿಗದಿರುವುದು.
ಉಲ್ಲೇಖ: ಸೋಮವಾರ ವಾರ್ಡಿನಲ್ಲಿ ನಡೆದ ಕೂಗಾಟ.

ಬಾಗಲೂರಿನ ಮುನಿಯಲ್ಲಪ್ಪನವರ ಎಡ ಕಿಡ್ನಿಯಿಂದ ಇಳಿಯುವ ನಾಳ ಕಟ್ಟಿಕೊಂಡು ಕಿಡ್ನಿ ಊದುತ್ತಿದೆ. ಇನ್ನೂ ತಡವಾದರೆ ಅದು ಕೈಕೊಡುತ್ತದೆಂದು ಡಾಕ್ಟರು ತಿಳಿಸಿರುತ್ತಾರೆ. ಆದರೆ ಕಾರ್ಖಾನೆಯಲ್ಲಿ ವೆಲ್ಡಿಂಗ್ ರೋಬೋಟ್ ನಡೆಸುವ ಅವರ ಭಾಮೈದ ತಿಲಕ್, ಪ್ರತಿ ಶಿಫ್ಟಿನ ಮೊದಲ ಸಾಮಾನು, ಅಂದರೆ ಫಸ್ಟ್ ಪೀಸು, ಬರೀ ಪರೀಕ್ಷೆಗೆಂದು ವಿವರಿಸಿ, "ಭಾವ, ಫಸ್ಟ್ ಪೀಸ್ ನಂಬಂಗಿಲ್ಲ, ನೀನು ಎರಡ್ನೇದಾಗು" ಎಂದಿರುತ್ತಾರೆ. ಅದೇ ರಿಪೇರಿಗೆ ಕಾದಿರುವ ಪಕ್ಕದ ಹಾಸಿಗೆಯ ಸೂಳಗಿರಿ ಸೊಣ್ಣಪ್ಪನವರು "ಹಂಗಾರೆ ನಾನೇನ್ ಬಿಟ್ಟಿ ಸಿಕ್ಕಿದೀನಾ? ನಂದು ಮೂರ್ನೇದು" ಎಂದು ಮುಸುಕೆಳೆದುಕೊಂಡಿರುತ್ತಾರೆ. ಆಸ್ಪತ್ರೆಯ ಹೊಸ ರೋಬೋಟ್ ಅಂದಿನಿಂದ ಸುಮ್ಮನೆ ನಿಂತಿದೆ. ಆದ್ದರಿಂದ ಸಂಬಂಧಪಟ್ಟವರೆಲ್ಲರಿಗೂ ಕೆಳಕಂಡಂತೆ ಆದೇಶಿಸಲಾಗಿದೆ:

1. ನಾಳೆಯಿಂದ ದಿನದ ಮೊದಲ ರೋಗಿ ಪಡವಲಕಾಯಿ. ತಿರುಳು ತೆಗೆದು, ಅಡ್ಡ ಕತ್ತರಿಸಿ, ರೋಬೋಟಿನಿಂದಲೇ ಮತ್ತೆ ಹೊಲಿಸತಕ್ಕದ್ದು.

2. ಕಾಯಿ ನೆಟ್ಟಗಿರಬೇಕು. ಡೊಂಕು ಕಾಯಿ ತಂದು ಹೊಲಿಗೆ ಡೊಂಕೆಂದು ವಾದಿಸುವವರನ್ನು ಹೊರಗೆ ಹಾಕಲಾಗುವುದು.

3. "ಅದಕ್ಕೊಂದ್ ನ್ಯಾಯ, ನಂಗೊಂದ್ ನ್ಯಾಯಾನಾ?" ಎಂದು ಮುನಿಯಲ್ಲಪ್ಪನವರು ಕೇಳಿರುವುದರಿಂದ, ಪಡವಲಕಾಯಿಗೂ ಹಿಂದಿನ ರಾತ್ರಿಯಿಂದ ಉಪವಾಸ.

4. ಹೊಲಿದ ಕಾಯಿಯೊಳಕ್ಕೆ ತಿಲಕ್ ನೀರು ಬಿಡತಕ್ಕದ್ದು. ಸೋರದಿದ್ದರೆ "ಓಕೆ" ಎನ್ನತಕ್ಕದ್ದು. "ನೋಡೋಣ", "ಪರವಾಗಿಲ್ಲ" ಮುಂತಾದ ಮಾತುಗಳನ್ನು ಸ್ವೀಕರಿಸಲಾಗುವುದಿಲ್ಲ. "ಓಕೆ" ಎಂದ ಕೂಡಲೇ ಮುನಿಯಲ್ಲಪ್ಪನವರು ಎರಡನೆಯವರೆಂದು ಪರಿಗಣಿಸಲ್ಪಟ್ಟು ಟೇಬಲ್ ಏರತಕ್ಕದ್ದು.

5. ಇಷ್ಟಾದ ಮೇಲೂ ಯಾರಾದರೂ ನಾಲ್ಕನೆಯವರಾಗುತ್ತೇನೆಂದರೆ ಅವರನ್ನೇ ಫಸ್ಟ್ ಪೀಸ್ ಮಾಡಲಾಗುವುದು.

6. ಕೆಲಸ ಸರಿಯಾಯಿತೆಂದು ಖಾತ್ರಿಯಾಗುವವರೆಗೆ ಫಸ್ಟ್ ಪೀಸನ್ನು ಎತ್ತಿಡುವುದು ಕಾರ್ಖಾನೆಯ ಪದ್ಧತಿಯೆಂದು ತಿಲಕ್ ಹಠ ಹಿಡಿದಿರುವುದರಿಂದ, ಪಡವಲಕಾಯಿಗೆ ಮುನಿಯಲ್ಲಪ್ಪನವರ ಪಕ್ಕದಲ್ಲೇ ಹಾಸಿಗೆ ನೀಡಲಾಗುವುದು. ಅದನ್ನು ನೋಡಲು ಬರುವ ನೆಂಟರಿಗೆ ಸಂಜೆ ಮಾತ್ರ ಅವಕಾಶ.

7. ಮುನಿಯಲ್ಲಪ್ಪನವರ ಪತ್ನಿ ಗಂಗರತ್ನಮ್ಮನವರು "ಎಳೇ ಕಾಯಿ, ಬಾಡೋಯ್ತದೆ, ಕೊಡಿ ಪಲ್ಯ ಮಾಡ್ತೀನಿ" ಎಂದು ಈಗಾಗಲೇ ಮನವಿ ಸಲ್ಲಿಸಿರುತ್ತಾರೆ. ಗಂಡನ ಮೂತ್ರ ಸರಾಗವಾಗಿ ಚೀಲಕ್ಕೆ ಇಳಿದ ಮೇಲಷ್ಟೇ ಕಾಯಿಯ ಬಿಡುಗಡೆ.

ಸಹಿ/-
ವಾರ್ಡ್ ಮೇಲ್ವಿಚಾರಕರು
(ತಾಳ್ಮೆ ಮುಗಿದಿರುತ್ತದೆ)

ಪ್ರತಿಗಳು:
ಸೊಣ್ಣಪ್ಪನವರಿಗೆ, ಮುಸುಕಿನೊಳಗೆ.
ತಿಲಕ್ ಅವರಿಗೆ, ಶಿಫ್ಟ್ ಮುಗಿಸಿ ಬಂದ ಮೇಲೆ.
ಪಡವಲಕಾಯಿಗೆ, ಮಾಹಿತಿಗಾಗಿ.
ಆಸ್ಪತ್ರೆಯ ಅಡುಗೆಮನೆಗೆ: ತೆಂಗಿನಕಾಯಿ ತುರಿದಿಟ್ಟುಕೊಂಡು, ಚೀಲದ ಕಡೆಯಿಂದ ಸುದ್ದಿ ಬರುವವರೆಗೆ ಕಾಯತಕ್ಕದ್ದು.