ಅಸ್ತಿತ್ವದಲ್ಲಿಲ್ಲದ ಬೀಗದವನು

ಪ್ರಪಂಚವೇ ತಲೆಕೆಳಗಾದರೂ ನಾನು ನನ್ನ ಸಿಮ್ ಬದಲಾಯಿಸುವುದಿಲ್ಲ! ಹೀಗೆಂದು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ನನ್ನ ಫೋನಿನ ಕಂಪನಿ ಇನ್ನೊಂದು ಕಂಪನಿಯ ಜೊತೆ ವಿಲೀನವಾಗಿತ್ತಂತೆ. ಹಳೆಯ ಗ್ರಾಹಕರು ತಿಂಗಳೊಳಗೆ ಬಂದು ಅದೇ ನಂಬರಿನ ಹೊಸ ಸಿಮ್ ಪಡೆಯದಿದ್ದರೆ ಸೇವೆ ನಿಲ್ಲುವುದಂತೆ. ಮೆಸೇಜಿನ ಮೇಲೆ ಮೆಸೇಜು!

“ಅವರಿಬ್ಬರ ಮದುವೆಗೆ ನನ್ನನ್ನ ಕರೆದಿದ್ರಾ? ಈಗ ಅವರು ಸಂಸಾರ ಹೂಡೋಕೆ ನಾನ್ಯಾಕೆ ಕ್ಯೂನಲ್ಲಿ ನಿಲ್ಲಬೇಕು?” ಎಂದೆ.

“ರೀ, ನಾನು ಹೋಗಿ ಬದಲಾಯಿಸ್ಕೊಂಡು ಬಂದೆ. ಹತ್ತು ನಿಮಿಷದ ಕೆಲಸ,” ಎಂದಳು ಹೆಂಡತಿ.

“ನೀನು ನರ್ಸು ಕಣೇ. ನಾನು ಬೀಗ ರಿಪೇರಿಯವನು! ಹದಿನೆಂಟು ವರ್ಷದಿಂದ ಹಾಕಿದ ಒಂದೊಂದು ಬೀಗದ ಪಕ್ಕದಲ್ಲೂ ನನ್ನ ನಂಬರ್ ಅಂಟಿಸಿದ್ದೀನಿ. ಇಂಥ ಗ್ರಾಹಕನನ್ನ ಕಳ್ಕೊಳ್ಳೋ ಧೈರ್ಯ ಅವರಿಗಿದ್ಯಾ?”

ಇತ್ತು.

ಮರು ತಿಂಗಳ ಒಂದನೇ ತಾರೀಕು ಅವಳಿಗೆ ಹೆಡ್ ನರ್ಸ್ ಹುದ್ದೆಯ ಸಂದರ್ಶನ. ಆರು ವರ್ಷ ಕಾದು ಸಿಕ್ಕ ಅವಕಾಶ. ಹತ್ತು ಗಂಟೆಯ ಬಸ್ಸು ತಪ್ಪಿದರೆ ಕಥೆ ಮುಗಿಯಿತು. “ಸರ್ಟಿಫಿಕೇಟಿನ ಫೈಲ್ ತೆಗೆದಿಡಿ, ಒಂದು ಫೋಟೋ ತೆಗೆಸ್ಕೊಂಡು ಬಂದೆ,” ಎಂದು ಅವಳು ಓಡಿದಳು.

ಫೈಲು ಇದ್ದದ್ದು ಕಿಟಕಿಯಿಲ್ಲದ ಒಳಕೋಣೆಯಲ್ಲಿ. ಅದಕ್ಕೆ ಹಿಂದಿನ ದಿನವಷ್ಟೇ ಬ್ರಹ್ಮನೂ ತೆಗೆಯಲಾರದ ಬೀಗ ಕೂರಿಸಿದ್ದೆ. ಒಳಗಿನ ಹಿಡಿ ನಾಳೆ ಹಾಕಿದರಾಯಿತೆಂದು ಬಿಟ್ಟಿದ್ದೆ. ಫೈಲು ಕೈಗೆತ್ತಿಕೊಂಡವನು, ಬೀಗದ ಸದ್ದು ಹೇಗಿದೆ ಕೇಳೋಣವೆಂದು ಬಾಗಿಲನ್ನು ಎಳೆದೆ. ಟಕ್! ಆಹಾ, ಎಂಥ ಸಂಗೀತ! ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಅದನ್ನು ಹಾಕುವ ತೂತು ಮಾತ್ರ ಹೊರಗಿತ್ತು. ಬಾಗಿಲ ಕೆಳಗಿಂದ ತೂರಿಸೋಣವೆಂದರೆ, ಇರುವೆಯೂ ನುಗ್ಗದಂತೆ ಅಲ್ಲಿಗೆ ಮರದ ಪಟ್ಟಿ ಹೊಡೆದಿದ್ದ ಪುಣ್ಯಾತ್ಮನೂ ನಾನೇ.

ಹೆಂಡತಿಗೆ ಹೇಳೋಣವೆಂದು ಫೋನ್ ತೆಗೆದರೆ ‘ಸೇವೆ ಇಲ್ಲ’! ಎತ್ತಿ ಹಿಡಿದೆ. ಕುರ್ಚಿ ಹತ್ತಿದೆ. ಟ್ರಂಕಿನ ಮೇಲೆ ಒಂಟಿ ಕಾಲಲ್ಲಿ ನಿಂತು ತಪಸ್ಸು ಮಾಡಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಈ ಕಂಪನಿಗಳ ಮದುವೆಯಲ್ಲೇ ಕೂಸು ಬಡವಾಗಿತ್ತು.

ಬಾಗಿಲು ಬಡಿದೆ, ಕೂಗಿದೆ. ಮೊನ್ನೆಯಷ್ಟೇ ಮಹಡಿಗೆ ಬಾಡಿಗೆಗೆ ಬಂದಿದ್ದ ನಿವೃತ್ತ ಶಿಕ್ಷಕಿ ಇಳಿದು ಬಂದರು.

“ಯಾರದು ಒಳಗೆ? ಕಳ್ಳನಾ?”

“ಅಲ್ಲ ಮೇಡಂ, ಮನೆ ಯಜಮಾನ!”

“ಗಾಬರಿ ಆಗ್ಬೇಡಿ. ಇಲ್ಲಿ ಬೀಗದವನ ನಂಬರ್ ಅಂಟಿಸಿದೆ. ಅವನನ್ನೇ ಕರೆಸ್ತೀನಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ಹಚ್ಚಿಯೇ ಬಿಟ್ಟರು.

“ಅಯ್ಯೋ, ಈ ನಂಬರ್ ಅಸ್ತಿತ್ವದಲ್ಲೇ ಇಲ್ವಂತೆ!”

“ಇದ್ದೀನಿ ಮೇಡಂ! ಆ ಬೀಗದವನು ನಾನೇ!”

“ನೀವೇನಾ? ಮತ್ತೆ ಫೋನ್ ಯಾಕೆ ಎತ್ತಲ್ಲ? ನಿಮ್ಮಂಥವರನ್ನ ನಂಬ್ಕೊಂಡು, ನೋಡಿ, ಇಲ್ಲೊಬ್ಬರು ಒಳಗೆ ಒದ್ದಾಡ್ತಿದ್ದಾರೆ!”

ಫೈಲನ್ನು ಎದೆಗವಚಿಕೊಂಡು ಟ್ರಂಕಿನ ಮೇಲೆ ಕುಳಿತೆ.

ಒಂಬತ್ತೂ ಮುಕ್ಕಾಲಿಗೆ ಹೆಂಡತಿ ಬಂದಳು. “ರೀ, ಫೈಲೆಲ್ಲಿ?”

“ನನ್ನ ಕೈಯಲ್ಲಿ ಭದ್ರವಾಗಿದೆ ಕಣೇ!”

“ನೀವೆಲ್ಲಿ?”

“ಫೈಲಿನ ಜೊತೆ!”

ಆರು ವರ್ಷ ಕಾದವಳ ಅದೃಷ್ಟಕ್ಕೆ ನಾನೇ ಬೀಗ ಜಡಿದಿದ್ದೆನಲ್ಲ!

“ತಪ್ಪಾಯ್ತು ಕಣೇ. ಈ ಬೀಗ ಯಾರಪ್ಪನಿಂದಲೂ ತೆಗೆಯೋಕಾಗಲ್ಲ!”

“ಬೀಗದ ತಂಟೆಗೆ ಯಾರು ಹೋದ್ರು? ಬಾಗಿಲ ಕೀಲು ನಮ್ಮ ಕಡೆಗೇ ಇದೆಯಲ್ಲ! ಮೇಡಂ, ಇವರ ಚೀಲದಿಂದ ಸುತ್ತಿಗೆ, ಸ್ಕ್ರೂಡ್ರೈವರ್ ಕೊಡಿ.”

ನಾಲ್ಕೇ ಏಟು. ಕೀಲಿನ ಸರಳುಗಳು ಕಳಚಿ ಬಿದ್ದವು, ಬಾಗಿಲು ಬದಿಗೆ ಸರಿಯಿತು. ನನ್ನ ಬ್ರಹ್ಮಬೀಗ ಮಾತ್ರ ಚೌಕಟ್ಟನ್ನು ಕಚ್ಚಿಕೊಂಡು ಕರ್ತವ್ಯ ನಿರ್ವಹಿಸುತ್ತಲೇ ಇತ್ತು! ಅವಳು ಫೈಲು ಕಿತ್ತುಕೊಂಡು ಓಡಿದಳು. ಬಸ್ಸು ಸಿಕ್ಕಿತು.

ಸಂಜೆ ನಗುನಗುತ್ತಾ ಬಂದಳು. ಹುದ್ದೆ ಅವಳಿಗೇ! ನಾನು ಕುಣಿದೇ ಬಿಟ್ಟೆ.

“ಕಷ್ಟ ಬಂದಾಗ ತಲೆ ಓಡಿಸಿದ್ದಕ್ಕೆ ಒಂದು ಉದಾಹರಣೆ ಕೊಡಿ ಅಂದ್ರು. ಬೆಳಿಗ್ಗೆ ನಡೆದಿದ್ದನ್ನೇ ಹೇಳಿದೆ. ಬಿದ್ದು ಬಿದ್ದು ನಕ್ಕರು.”

ನನ್ನ ಕುಣಿತ ಅಲ್ಲೇ ನಿಂತಿತು. “ಒಳಗಿದ್ದಿದ್ದು ನಿನ್ನ ಗಂಡ ಅಂತಾನೂ ಹೇಳಿಬಿಟ್ಯಾ?”

“ಛೆ ಛೆ, ಮನೆ ಮರ್ಯಾದೆ ಬೀದಿಗೆ ಹಾಕ್ತೀನಾ? ಯಾರೋ ಒಬ್ಬ ರೋಗಿ ಅಂದೆ.”

“ಅಬ್ಬಾ, ಬದುಕಿದೆ!”

“ಈಗ ಯಾವ ವಾರ್ಡಲ್ಲಿದ್ದಾರೆ ಅಂತ ಕೇಳಿದ್ರು. ಗುಣವಾಗೋ ಲಕ್ಷಣ ಇಲ್ಲ, ಮನೇಲೇ ಇಟ್ಕೊಂಡು ನೋಡ್ಕೋತಿದ್ದೀನಿ ಅಂದೆ!”